ಉಪಾಸದ ಗುಳಗಿ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆ ನಮ್ಮ ಸೀಮೆಯಲ್ಲಿ ಇತ್ತು. ಹೇಳಲೇಬೇಕಾದಾಗ ಒಡಪು ಹಾಕಬೇಕು. ಎರಡು ಮೂರು ಸಾಲು ಪ್ರಾಸ ಕಟ್ಟಿ, ಹೆಸರನ್ನು ಅದರೊಳಗೆ ಸುತ್ತಿ, ಕೊನೆಗೆ ಮೆಲ್ಲಗೆ ಬಿಚ್ಚಬೇಕು. ಮದುವೆ, ಬಸುರಿಯ ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿ ಹೇಳಿಸುತ್ತಿದ್ದರು. ಹೆಚ್ಚಿನವರು ಅವ್ವ ಕಲಿಸಿದ ಒಂದೇ ಒಡಪನ್ನು ಒಂದು ಮದುವೆಯಿಂದ ಇನ್ನೊಂದಕ್ಕೆ ಹೊತ್ತು ತಿರುಗುವವರು. ಬಬಲೇಶ್ವರದ ಗುರುಬಾಯಿ ಹಾಗಲ್ಲ. ಎದುರಿಗೆ ಹಂಡೆ ಕಂಡರೆ ಹಂಡೆಯ ಮೇಲೆ, ಎಮ್ಮೆ ಕಂಡರೆ ಎಮ್ಮೆಯ ಮೇಲೆ ನಿಂತ ನಿಲುವಿನಲ್ಲೇ ಕಟ್ಟುವಳು. ಅವಳ ಗಂಡ ಖಂಡಪ್ಪ ಎಂಟೆಕರೆ ಜೋಳದ ಹೊಲದ ಒಕ್ಕಲಿಗ, ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಹೆಂಡತಿಗೂ ಅವ್ವನಿಗೂ ಹಂಚಿಕೊಟ್ಟು ತಾನು ಆರಾಮವಾಗಿದ್ದವನು.

ಒಂದು ಸಲ ಕಾಖಂಡಕಿಯಲ್ಲಿ ಒಂದು ಕುಬಸದ ದಿನ ಆ ಊರಿನ ಬೋರವ್ವನಿಗೂ ಗುರುಬಾಯಿಗೂ ಪಂಥ ಬಿತ್ತು. ಬೋರವ್ವ ಐವತ್ತು ದಾಟಿದ, ಗಂಟೆಯಂಥ ದನಿಯ ಹೆಂಗಸು. ಆರು ಒಡಪು ಹೇಳಿ ನಿಂತಳು. ಗುರುಬಾಯಿ ಏಳನೆಯದನ್ನು ಹೇಳಿ ಅಡಕೆ ಬಾಯಿಗೆ ಹಾಕಿಕೊಂಡಳು.

"ಇದು ಇಲ್ಲಿಗೇ ಮುಗೀಲಿಲ್ಲ ಬೇ ಹುಡುಗಿ" ಎಂದಳು ಬೋರವ್ವ.

"ಮುಗೀಲಿ ಅಂತ ನಾನೆಲ್ಲಿ ಅಂದೇನ್ರಿ ಅತ್ತಿ. ನನ್ನ ಹತ್ರ ಇನ್ನೂ ಅದಾವು" ಎಂದಳು ಗುರುಬಾಯಿ.

ಹೊಲಮನೆ, ರೊಟ್ಟಿ, ದನ, ಎರಡು ಮಕ್ಕಳು, ಇವು ಎಲ್ಲರಿಗೂ ಇದ್ದವು. ಒಡಪು ಅವಳೊಬ್ಬಳದು. ರೊಟ್ಟಿ ಬಡಿಯುವಾಗ ಬಡಿತದ ಲಯಕ್ಕೆ ಮಾತುಗಳು ತಾವಾಗಿ ಜೋಡಿಯಾಗಿ ಬರುತ್ತಿದ್ದವು. ಆಗ ಅವಳು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ ಎನ್ನಿಸುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತಾರರ ಮಳೆಗಾಲಕ್ಕೆ ತಲೆನೋವು ಸುರುವಾಯಿತು. ಆಮೇಲೆ ಕಣ್ಣಿನ ಎರಡೂ ಬದಿ ಮಬ್ಬಾಯಿತು. ಎದುರಿಗಿದ್ದುದು ಕಾಣುವುದು, ಪಕ್ಕದಲ್ಲಿದ್ದುದು ಇಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುವಳು. ಪಕ್ಕದಲ್ಲೇ ಹಾದುಹೋದ ಓಣಿಯ ಹೆಂಗಸರನ್ನು ಮಾತಾಡಿಸದೆ ಹೋಗುವಳು.

"ದುಂಡವ್ವಾ, ನಿನ್ನ ಸೊಸಿಗೆ ಸೊಕ್ಕ ಬಂದೈತಿ ನೋಡು" ಎಂದರು ಅವರು.

ಅತ್ತೆ ದುಂಡವ್ವ ಸುಮ್ಮನೆ ಕೇಳುವವಳಲ್ಲ. "ಸೊಕ್ಕ ಇದ್ರ ಮದಲ ನನಗ ತೋರಸ್ತಿದ್ಲು. ನಿಮಗ್ಯಾಕ ದಂಡ ಮಾಡ್ತಾಳ?" ಎಂದಳು. ಆದರೆ ಮರುದಿನವೇ ಮಗನನ್ನು ಎಬ್ಬಿಸಿ, ಸೊಸೆಯನ್ನು ವಿಜಾಪುರಕ್ಕೆ ಕರೆದೊಯ್ಯಲು ಹೇಳಿದಳು.

ವಿಜಾಪುರದ ಹಣಮಂತರಾಯ ಡಾಕ್ಟರು ಗುರುಬಾಯಿಯ ಎರಡೂ ಕಿವಿಗಳ ಕಡೆಯಿಂದ ಬೆರಳಾಡಿಸಿ, "ಕಂಡಾಗ ಹೇಳು ತಂಗಿ" ಎಂದರು. ಬೆರಳು ಮೂಗಿನ ಹತ್ತಿರ ಬರುವ ತನಕ ಅವಳಿಗೆ ಕಾಣಲಿಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ, ಅದರಲ್ಲಿ ಗಡ್ಡೆ ಬೆಳೆದು ಕಣ್ಣಿನ ನರ ಒತ್ತುತ್ತಿದೆ, ತೆಗೆಸಬೇಕು, ಅದಕ್ಕೆ ಮುಂಬಯಿಯೇ ಸರಿ ಎಂದು ಅವರು ಖಂಡಪ್ಪನಿಗೆ ಬಿಡಿಸಿ ಹೇಳಿದರು.

ಸೊಲ್ಲಾಪುರದ ತನಕ ಒಂದು ರೈಲು, ಅಲ್ಲಿಂದ ಇನ್ನೊಂದು. ಮರುವರ್ಷದ ಶಿವರಾತ್ರಿಯ ಹೊತ್ತಿಗೆ ಮುಂಬಯಿಯ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ನಾಲ್ಕನೆಯ ದಿನ ಕಣ್ಣು ಬಿಟ್ಟು ನೋಡಿದರೆ ಎಡಬದಿಯ ಕಿಟಕಿಯೂ ಬಲಬದಿಯ ಮಂಚವೂ ಒಟ್ಟಿಗೇ ಕಂಡವು. ಗೌರಾಬಾಯಿ ಎಂಬ ಮರಾಠಿ ನರ್ಸು ಹಾಳೆ ಹಿಡಿದು ಬಂದು, "ನವರ್ಯಾಚ ನಾವ ಕಾಯ?" ಎಂದು ಗಂಡನ ಹೆಸರು ಕೇಳಿದಳು. ವಿಜಾಪುರದವರಿಗೆ ಅಷ್ಟು ಮರಾಠಿ ತಿಳಿಯುತ್ತದೆ. ತಲೆಗೆ ಪಟ್ಟಿ ಸುತ್ತಿಕೊಂಡ ಗುರುಬಾಯಿ, ಕೇಳಿದ್ದಕ್ಕೆ ಊರಿನ ಹಾಗೆಯೇ ಒಡಪು ಕೊಟ್ಟಳು:

"ಹೊಗಿಬಂಡಿ ಹತ್ತಿಕೊಂಡೆ, ಸಮುದ್ರದ ದಂಡಿ ಕಂಡೆ,
ಖಂಡಪ್ಪನವರ ಕೂಡ ಮುಂಬಯಿ ಬ್ರೆಡ್ಡ ಉಂಡೆ."

ನರ್ಸು ಹಾಳೆ ಕೆಳಗಿಟ್ಟು ನಕ್ಕಳು. ಅವರಲ್ಲಿಯೂ ಇದೇ ಪದ್ಧತಿ ಇದೆಯಂತೆ, ಉಖಾಣಾ ಅನ್ನುತ್ತಾರಂತೆ. ಮಂಚದ ಅಂಚಿಗೆ ಕೂತು ತಾನೂ ಒಂದು ಹೇಳಿದಳು. ಗುರುಬಾಯಿಗೆ ಅರ್ಧ ತಿಳಿಯಿತು, ಪ್ರಾಸ ಪೂರ್ತಿ ತಿಳಿಯಿತು. ಅಂದಿನಿಂದ ಇಬ್ಬರಿಗೂ ದೋಸ್ತಿ. ಇವಳದು ಅವಳಿಗೆ ತಿಳಿಯುತ್ತದೆ, ಅವಳದು ಇವಳಿಗೆ ತಿಳಿಯುತ್ತದೆ ಎಂದು ಇಬ್ಬರೂ ನಂಬಿಬಿಟ್ಟರು.

ಮನೆಗೆ ಕಳಿಸುವ ದಿನ ಖಂಡಪ್ಪ ರೈಲಿನ ಟಿಕೇಟಿಗೆ ಹೋಗಿದ್ದ. ಗೌರಾಬಾಯಿ ಎರಡು ಬಾಟಲಿ ಗುಳಿಗೆ ತಂದಳು. ಒಂದರಲ್ಲಿ ದೊಡ್ಡ ಗುಳಿಗೆ, ದಿನಕ್ಕೆ ಎರಡು ಸಲ, ಊಟವಾದ ಮೇಲೆ. ಅದನ್ನು ಕೈಸನ್ನೆಯಲ್ಲಿ ಉಣ್ಣುವುದನ್ನು ತೋರಿಸಿ ಹೇಳಿದಳು. ಇನ್ನೊಂದು ಸಣ್ಣ ಬಿಳಿಯದು, ಆರು ತಿಂಗಳಿಗೆ ಆಗುವಷ್ಟು. "ಹೀ ಉಪಾಶಿ ಪೋಟಿ ಘ್ಯಾಯಚಿ. ವಿಸರೂ ನಕಾ" ಎಂದು ಬೆರಳೆತ್ತಿ ಎಚ್ಚರಿಸಿದಳು. ಮರೆಯಬೇಡ ಎಂದದ್ದು ಗುರುಬಾಯಿಗೆ ತಿಳಿಯಿತು. ಉಪಾಶಿ ಎಂದದ್ದೂ ತಿಳಿಯಿತು.

ಊರಿಗೆ ಬಂದು ಅತ್ತೆಗೆ ಹೇಳಿದಳು: "ದೊಡ್ಡದು ದಿನಾ ಉಂಡ ಮ್ಯಾಲ. ಸಣ್ಣದು ಉಪಾಸದ ಗುಳಗಿ ಅಂತ್ರಿ ಅತ್ತಿ. ಉಪಾಸ ಇದ್ದ ದಿನಾ ತಗೋಬೇಕಂತ."

"ನೋಡು ಮತ್ತ" ಎಂದಳು ದುಂಡವ್ವ ಸಂತೋಷದಿಂದ. "ಮುಂಬಯಿ ಡಾಕ್ಟರಿಗೂ ದೇವರ ಭಯ ಐತಿ."

ಮನೆಯ ಉಪವಾಸದ ವಾರ ಸೋಮವಾರ. ಸಣ್ಣ ಬಾಟಲಿ ದೇವರ ಜಗಲಿಯ ಮೇಲೆ ಕೂತಿತು. ಪ್ರತಿ ಸೋಮವಾರ, ಮತ್ತೆ ಏಕಾದಶಿ ಬಂದರೆ ಅಂದು, ಗುರುಬಾಯಿ ಜಳಕ ಮಾಡಿ, ಕೈಮುಗಿದು, ಒಂದು ಗುಳಿಗೆಯನ್ನು ಬರಿ ನೀರಿನ ಕೂಡ ನುಂಗಿ ದಿನವಿಡೀ ಉಪವಾಸ ಇರುತ್ತಿದ್ದಳು; ದೊಡ್ಡ ಗುಳಿಗೆಗೆಂದು ಮಾತ್ರ ಎರಡು ಹೊತ್ತು ಒಂದೊಂದು ಬಾಳೆಹಣ್ಣು ತಿನ್ನುತ್ತಿದ್ದಳು. ಒಂದು ಸೋಮವಾರವೂ ತಪ್ಪಿಸಲಿಲ್ಲ.

ತಲೆನೋವು ಹೋಯಿತು, ಕಣ್ಣು ಬಂತು. ಬೋಳಿಸಿದ ತಲೆಯ ಮೇಲೆ ಕೂದಲು ಚಿಗುರಿತು. ಆದರೆ ಯುಗಾದಿ ಕಳೆದು ಬಿಸಿಲು ಏರಿ, ಊರಿನ ನಾಯಿಗಳೆಲ್ಲ ನೆರಳು ಹುಡುಕುವ ಹೊತ್ತಿಗೆ, ಗುರುಬಾಯಿ ಕಂಬಳಿ ಹುಡುಕಿದಳು.

"ಏನ ಬೇ ಇದು, ವೈಶಾಖದಾಗ ಕಂಬಳಿ?" ಎಂದು ಓಣಿಯವರು ನೋಡಲು ಬಂದರು.

"ಥಂಡಿ ಹತ್ತಾಕತ್ತೈತ್ರಿ."

"ನಮ್ಮ ಪಾಲಿಂದೂ ನಿನಗ ಹತ್ತೈತೇನು? ಒಂದೀಟು ಇತ್ತ ಕೊಡವ್ವಾ" ಎಂದು ಅವರು ನಕ್ಕರು. ಅವಳೂ ನಕ್ಕಳು. ಆದರೆ ನಗು ಮುಖಕ್ಕೆ ಬರಲು ತಡವಾಯಿತು, ಬಂದದ್ದು ಹೋಗಲೂ ತಡವಾಯಿತು.

ಎಲ್ಲವೂ ಹಾಗೆಯೇ. ಕೈ ಭಾರ, ಕಾಲು ಭಾರ. ಮೊದಲು ಒಂದು ಹೊತ್ತಿಗೆ ಮೂವತ್ತು ರೊಟ್ಟಿ ಬಡಿಯುವವಳು ಈಗ ಎಂಟಕ್ಕೆ ಗೋಡೆಗೆ ಒರಗುವಳು. ತೊಗಲು ಒಣಗಿ ಸುಣ್ಣದ ಗೋಡೆಯ ಹಾಗೆ ಹುಡಿ ಉದುರುವುದು. ದನಿ ಗಂಡಸಿನ ದನಿಯಾಗಿ, ಅವಳು ಒಳಗಿನಿಂದ ಓಗೊಟ್ಟರೆ ಬಂದವರು "ಖಂಡಪ್ಪಾ, ಮನ್ಯಾಗ ಇದ್ದೀಯೇನು" ಎನ್ನುವರು. ಎಷ್ಟು ಮಲಗಿದರೂ ನಿದ್ದೆ ಸಾಲದು. ರೊಟ್ಟಿಯ ಬಡಿತಕ್ಕೆ ಮಾತು ಜೋಡಿಯಾಗುವುದು ನಿಂತುಹೋಯಿತು. ಒಂದು ಮಾತು ಬರುವುದು, ಅದರ ಜೋಡಿ ಬರುವುದಿಲ್ಲ. ಕುರಿ ಒಂದೇ ಬಂದು ಹಿಂಡು ಬರದಿದ್ದ ಹಾಗೆ.

ಹಣೆಯ ಮೇಲಿನ ಹೊಲಿಗೆಯ ಗುರುತನ್ನು ಸೆರಗಿನೊಳಗೆ ಮುಟ್ಟಿ ನೋಡಿಕೊಂಡು ಅವಳು ತನಗೆ ತಾನೇ ಒಂದು ತೀರ್ಮಾನಕ್ಕೆ ಬಂದಳು. ಗಡ್ಡೆ ತೆಗೆಯುವಾಗ ಅದರ ಕೂಡ ಒಡಪಿನ ಗೂಡನ್ನೂ ಕಿತ್ತು ಹಾಕಿದ್ದಾರೆ. ಅವರಿಗೇನು ಗೊತ್ತು, ಯಾವುದು ಗಡ್ಡೆ, ಯಾವುದು ಒಡಪು. ಕಣ್ಣು ಕೊಟ್ಟವರ ಮೇಲೆ ಸಿಟ್ಟು ಮಾಡುವುದು ಹೇಗೆ? ಹಾಗಾಗಿ ಇದನ್ನೂ ಯಾರಿಗೂ ಹೇಳಲಿಲ್ಲ.

ಇನ್ನೊಂದು ಸಂಗತಿ ಅವಳನ್ನು ಅಂಜಿಸುತ್ತಿತ್ತು. ದುಂಡವ್ವ ಬೈಯುವುದನ್ನು ಬಿಟ್ಟಿದ್ದಳು. ಹದಿನಾರು ವರ್ಷ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅತ್ತೆಯ ದನಿಗೆ. "ಏಳ ಬೇ, ಹೊತ್ತು ಮಾರಿ ಮ್ಯಾಲ ಬಂತು", "ಒಲಿ ಹಚ್ಚಿದ್ಯೋ ಇಲ್ಲೋ", "ಎಮ್ಮಿ ನಿನ್ನ ಹಾದಿ ಕಾಯಾಕತ್ತೈತಿ, ನಾನಲ್ಲ." ಈಗ ದುಂಡವ್ವ ಬಾಗಿಲಲ್ಲಿ ನಿಂತು ಮೆಲ್ಲಗೆ, "ಮಲಕೊ ಯವ್ವಾ, ನಾ ಮಾಡ್ತೀನಿ" ಎನ್ನುತ್ತಿದ್ದಳು. ಅತ್ತೆ ಬೈಯದಿದ್ದರೆ ಸುಖ ಎಂದು ಹೊಸ ಸೊಸೆಯಾಗಿದ್ದಾಗ ಅಂದುಕೊಂಡಿದ್ದಳು. ಬೈಯುವುದು ನಿಂತ ಮೇಲೆ ತಿಳಿಯಿತು, ಕೆಲಸಕ್ಕೆ ಬಾರದವಳನ್ನು ಯಾರೂ ಬೈಯುವುದಿಲ್ಲ.

ಆ ವರ್ಷ ಅಧಿಕ ಮಾಸ ಬಂದು ಶ್ರಾವಣ ಎರಡಾಯಿತು. ದುಂಡವ್ವ ಅಧಿಕ ಮಾಸವನ್ನೂ ಬಿಡದೆ ಎರಡೂ ತಿಂಗಳು ಒಪ್ಪತ್ತು ಹಿಡಿದಳು. ಸೊಸೆಯೂ ಅತ್ತೆಯ ಕೂಡ ಹಿಡಿದಳು. ದಿನವಿಡೀ ಉಪವಾಸ, ಸಂಜೆ ಒಂದು ಹೊತ್ತಿನ ಊಟ. ದಿನವೂ ಉಪವಾಸ ಎಂದ ಮೇಲೆ ದಿನವೂ ಉಪಾಸದ ಗುಳಿಗೆ. ಮೊದಲ ಶ್ರಾವಣ ಮುಗಿಯುವಾಗ ಕಂಬಳಿ ಮಡಚಿ ಮೇಲಿಟ್ಟಳು. ಎರಡನೆಯದರ ನಡುವೆ ದನಿ ತಿಳಿಯಾಯಿತು. ಒಂದು ಬೆಳಿಗ್ಗೆ ಸಗಣಿ ಸಾರಿಸುತ್ತಿದ್ದಾಗ "ಹಂಡೆ" ಎಂಬ ಮಾತಿನ ಹಿಂದೆ "ದಂಡೆ"ಯೂ ಅದರ ಹಿಂದೆ "ಮಂಡೆ"ಯೂ ತಾವಾಗಿ ಬಂದು ನಿಂತವು. ಅವಳು ಕೈ ತೊಳೆಯದೆ ಹಾಗೆಯೇ ಕೂತು ಅತ್ತಳು.

"ಶ್ರಾವಣದ ಮಹಿಮಾ" ಎಂದಳು ದುಂಡವ್ವ. ಎಲ್ಲರೂ ಒಪ್ಪಿದರು. ಆರು ತಿಂಗಳಿಗೆ ಮುಂಬಯಿಗೆ ಬಂದು ತೋರಿಸಿ ಎಂದಿದ್ದರು, ಹುಷಾರಾದವಳನ್ನು ತೋರಿಸುವುದೇನು ಎಂದು ಖಂಡಪ್ಪ ಸುಮ್ಮನಾದ. ದೊಡ್ಡ ಗುಳಿಗೆ ತೀರಿದಾಗ ಮಾತ್ರ ಚೀಟಿ ತೋರಿಸಿ ವಿಜಾಪುರದಿಂದ ತರುತ್ತಿದ್ದ. ಸಣ್ಣದು ಇನ್ನೂ ಇತ್ತು.

ಆ ಹುರುಪಿನಲ್ಲೇ ಗುರುಬಾಯಿಯ ತವರೂರು ತಿಕೋಟಾದಲ್ಲಿ ಅವಳ ಕೊನೆಯ ತಂಗಿ ಭೀಮಾಬಾಯಿಯ ನಿಶ್ಚಯ ನಡೆಯಿತು. ವರ ಕಾಖಂಡಕಿಯ ಅಮರಪ್ಪ. ಮಾಘದಲ್ಲಿ ಮದುವೆ. ವರನ ಕಡೆಯಿಂದ ಬಂದ ಹೆಂಗಸರಲ್ಲಿ ಮುಂದಿದ್ದವಳು ಯಾರು ಎಂದರೆ ಬೋರವ್ವ. ಅಮರಪ್ಪನಿಗೆ ಸೋದರತ್ತೆಯಂತೆ.

"ಏನ ಬೇ ಏಳರಾಕಿ, ಆರಾಮಾದಿ?" ಎಂದಳು ಬೋರವ್ವ. "ತಲಿಯೊಳಗ ಕೈ ಹಾಕ್ಯಾರಂತಲ್ಲ. ಏನರ ಬಿಟ್ಟಾರೋ ಇಲ್ಲೋ?"

"ನಿಮಗ ಸಾಕಾಗೂವಷ್ಟು ಬಿಟ್ಟಾರ್ರಿ ಅತ್ತಿ."

"ಹಂಗಾದ್ರ ಮಾಘದಾಗ ಒಡಪಿಗೆ ಬಾಗಲಾಗ ಸಿಗು."

"ಸಿಗ್ತೀನ್ರಿ."

ಶ್ರಾವಣ ಕಳೆಯಿತು. ಒಪ್ಪತ್ತು ಬಿಟ್ಟರು. ಗುಳಿಗೆ ಮತ್ತೆ ಸೋಮವಾರಕ್ಕೆ ಬಂತು. ದೀಪಾವಳಿಗೆ ಗುರುಬಾಯಿ ಕಂಬಳಿ ಇಳಿಸಿದಳು. ಆಗ ಎಲ್ಲರೂ ಕಂಬಳಿ ಇಳಿಸುವ ದಿನಗಳಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕಾಲು ಭಾರವಾಯಿತು, ದನಿ ಇಳಿಯಿತು, ಮಾತಿನ ಹಿಂಡು ಮತ್ತೆ ಚದುರಿತು.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಮಾಳವ್ವನ ಮೊಮ್ಮಗನಿಗೆ ಹೆಸರಿಡುವ ದಿನ ಹೆಂಗಸರು ವಾಡಿಕೆಯಂತೆ ಗುರುಬಾಯಿಯನ್ನು ತೊಟ್ಟಿಲ ಮುಂದೆ ನಿಲ್ಲಿಸಿದರು. ಅವಳು "ತೊಟ್ಟಲಕ..." ಎಂದಳು. ಅದರ ಮುಂದೆ ಏನೂ ಇರಲಿಲ್ಲ. ತೊಟ್ಟಿಲನ್ನು ನೋಡಿದಳು, ಹಗ್ಗವನ್ನು ನೋಡಿದಳು, ಕೂಸನ್ನು ನೋಡಿದಳು. ಕೂಸು ಅವಳನ್ನು ನೋಡಿತು. ಹೆಂಗಸರು ಕಾದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಹೇಗಾದರೂ ಮುಗಿಯಲಿ ಎಂದು ಅವಳು ಅಂದುಬಿಟ್ಟಳು:

"ಖಂಡಪ್ಪ."

ಬರಿ ಹೆಸರು. ಹಿಂದೆ ಒಂದು ಮಾತಿಲ್ಲ, ಮುಂದೊಂದು ಮಾತಿಲ್ಲ, "ಅವರು" ಕೂಡ ಇಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಖಂಡಪ್ಪ, ಯಾರೋ ಗಂಡಸು ಕರೆದರೆಂದು "ಓ" ಎಂದ.

ಆ ನಗು ಬಹಳ ಹೊತ್ತು ನಡೆಯಿತು. ಕೆಟ್ಟ ನಗುವೇನಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ಗುರುಬಾಯಿಯೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅಂದು ಸೆರಗು ಹೊದ್ದು ಮನೆಗೆ ಬಂದು ಅತ್ತೆಗೆ ಹೇಳಿದಳು: "ಭೀಮಿ ಲಗ್ನಕ್ಕ ನಾ ಹೋಗಂಗಿಲ್ರಿ ಅತ್ತಿ. ಥಂಡಿ ಭಾಳ."

ದುಂಡವ್ವ ಒಲೆಯ ಮುಂದೆ ಕೂತವಳು ತಿರುಗಿ ಸೊಸೆಯನ್ನು ನೋಡಿದಳು. ಮಲಕೊ ಯವ್ವಾ ಎನ್ನಲಿಲ್ಲ. "ಒಡಹುಟ್ಟಿದಾಕಿ ಲಗ್ನಕ್ಕ ಹೋಗದಂಥ ಥಂಡಿ ಯಾ ಊರಿಂದು? ಸಂಕ್ರಾಂತಿ ಆಗ್ಲಿ. ಆ ಹಣಮಂತರಾಯ ಡಾಕ್ಟರನ್ನ ನಾನss ಕೇಳ್ತೀನಿ. ಈ ಸಲ ಆ ಮಾತಿಲ್ಲದ ಮಗನ್ನ ಕಳಸಂಗಿಲ್ಲ" ಎಂದಳು.

ಸಂಕ್ರಾಂತಿ ಮುಗಿದ ಮರುದಿನ ಅತ್ತೆ ಸೊಸೆ ಇಬ್ಬರೂ ಬಸ್ಸಿಗೆ ವಿಜಾಪುರಕ್ಕೆ ಬಂದರು. ಡಾಕ್ಟರು ಮುಂಬಯಿಯ ಕಾಗದ ಓದಿದರು, ನಾಡಿ ಹಿಡಿದರು, ತೊಗಲು ಮುಟ್ಟಿ ನೋಡಿದರು. ಗುರುಬಾಯಿಯನ್ನು ಸ್ಟೂಲಿನ ಮೇಲೆ ಮೊಣಕಾಲೂರಿ ನಿಲ್ಲಿಸಿ, ಪಾದ ಜೋತು ಬೀಳಿಸಿ, ಹಿಮ್ಮಡದ ಮೇಲಿನ ನರಕ್ಕೆ ರಬ್ಬರಿನ ಸಣ್ಣ ಸುತ್ತಿಗೆಯಿಂದ ಬಡಿದರು. ಪಾದ ಎದ್ದಿತು, ಆಮೇಲೆ ಬಾವಿಗೆ ಬಿಟ್ಟ ಕೊಡದ ಹಾಗೆ ನಿಧಾನಕ್ಕೆ, ಬಲು ನಿಧಾನಕ್ಕೆ ಇಳಿಯಿತು.

"ಕಾಲಿಗೂ ಹೊಳ್ಳಿ ಬರಾಕ ಬ್ಯಾಸರಾಗೈತಿ" ಎಂದಳು ದುಂಡವ್ವ.

ಡಾಕ್ಟರು ನಗಲಿಲ್ಲ. "ತಂಗಿ, ಈ ಸಣ್ಣ ಗುಳಗಿ ತಗೊಳ್ಳಾಕತ್ತೀಯೇನು?"

"ತಗೋತೀನ್ರಿ."

"ತಪ್ಪಸ್ತೀಯೇನು ನಡುನಡುವ?"

"ಒಮ್ಮೀನೂ ತಪ್ಪಿಸಿಲ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಹಿಂಗಾಗಬಾರದಲ್ಲ. ಕಾಗದದಾಗ ಬರದ ಅಳತಿ ಬರೋಬರಿ ಐತಿ. ಹೆಚ್ಚ ಮಾಡಬೇಕೇನೋ. ಮುಂಬಯಿಗೆ ಪತ್ರ ಹಾಕಿ ಕೇಳ್ತೀನಿ."

ಗುರುಬಾಯಿ ಇಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಆಗ ಕೇಳಿದಳು. ನೆಲ ನೋಡುತ್ತ, ಆ ಗಂಡುದನಿಯಲ್ಲಿ. "ಸಾಹೇಬ್ರ, ಗಡ್ಡಿ ತಗಿಯಾಗ ಬ್ಯಾರೆ ಏನರ ತಗದಾರೇನ್ರಿ? ಮಾತು ಜೋಡಸೂದು... ಅದು ಎಲ್ಲಿರತೈತಿ ತಲಿಯೊಳಗ?"

ಡಾಕ್ಟರಿಗೆ ಪ್ರಶ್ನೆ ತಿಳಿಯಲಿಲ್ಲ. ದುಂಡವ್ವನಿಗೆ ತಿಳಿಯಿತು. ಸೊಸೆ ಹತ್ತು ತಿಂಗಳು ಏನನ್ನು ಹೊತ್ತುಕೊಂಡು ತಿರುಗಿದ್ದಾಳೆ ಎಂಬುದು ಅಲ್ಲಿ ಆ ಬೆಂಚಿನ ಮೇಲೆ ಕೂತಾಗ ಅವಳಿಗೆ ಗೊತ್ತಾಯಿತು. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟನ್ನು ಹತ್ತಿರವಿದ್ದ ಡಾಕ್ಟರ ಮೇಲೆ ತಿರುಗಿಸಿದಳು.

"ನಮ್ಮ ಹುಡುಗಿ ಸುಳ್ಳ ಹೇಳಂಗಿಲ್ರಿ ಸಾಹೇಬ್ರ. ನಿಮ್ಮ ಗುಳಗೀದss ಏನೋ ಫರಕೈತಿ. ಈಕಿ ಜ್ವರಾ ಬಂದಾಗ ಬಿಟ್ಟಿಲ್ಲ, ಬೀಗರು ಬಂದಾಗ ಬಿಟ್ಟಿಲ್ಲ. ಒಂದು ಸ್ವಾಮಾರ ತಪ್ಪಿಸಿಲ್ಲ."

"ಒಂದು ಏನು?"

"ಸ್ವಾಮಾರ್ರೀ."

"ಸೋಮವಾರ ಅಂದ್ರ?"

"ಸ್ವಾಮಾರ ಅಂದ್ರ ಸ್ವಾಮಾರ. ನಮ್ಮನಿ ವಾರ. ಉಪಾಸ." ಇಷ್ಟು ಓದಿದವರಿಗೆ ಇದನ್ನೂ ಹೇಳಬೇಕೆ ಎಂಬಂತೆ ದುಂಡವ್ವ ನೋಡಿದಳು. "ಉಪಾಸದ ಗುಳಗಿ ಉಪಾಸದ ದಿನಾ ತಗೊಳ್ಳಲಾರದ ಹಬ್ಬದ ದಿನಾ ತಗೋತಾರೇನು?"

ಡಾಕ್ಟರು ಗುರುಬಾಯಿಯ ಕಡೆ ತಿರುಗಿದರು. "ಬಾಟಲಿ ತಂದೀಯೇನು ತಂಗಿ?"

ಬಾಟಲಿ ಅರಿವೆಯ ಚೀಲದಿಂದ ಹೊರಬಂತು. ಮೈಗೆ ವಿಭೂತಿ, ಮುಚ್ಚಳಕ್ಕೆ ಕುಂಕುಮ. ಆರು ತಿಂಗಳಿಗೆಂದು ಕೊಟ್ಟ ಗುಳಿಗೆಗಳು ಹತ್ತು ತಿಂಗಳಾದರೂ ತಳದಲ್ಲಿ ಇನ್ನೂ ಗಲಗಲ ಎಂದವು.

"ನರ್ಸು ನಿನಗ ಏನ ಹೇಳಿದ್ಲು? ಆಕಿ ಹೇಳಿದಂಗss ಹೇಳು ನೋಡೋಣು."

"ಉಪಾಶಿ ಪೋಟಿ ಅಂದ್ರು."

ಡಾಕ್ಟರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅವರ ಭುಜಗಳು ಅಲುಗಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಕೈ ತೆಗೆದು, ಕಣ್ಣೊರೆಸಿಕೊಂಡು ಹೇಳಿದರು: "ಯವ್ವಾ, ಮರಾಠ್ಯಾಗ ಉಪಾಶಿ ಪೋಟಿ ಅಂದ್ರ ಬರೇ ಹೊಟ್ಟಿ. ಮುಂಜಾನೆ ಎದ್ದು, ಮಾರಿ ತೊಳಕೊಂಡು, ಚಾ ಕುಡಿಯೂಕಿಂತ ಮದಲ. ದಿನಾ. ಹಬ್ಬಾ ಇರಲಿ, ಅಮಾಸಿ ಇರಲಿ, ಹೋಳಗಿ ಇರಲಿ, ದಿನಾ ಒಂದು. ನೀ ಏಳು ದಿನಕ್ಕ ಒಂದು ತಗೊಂಡೀದಿ."

ಗುರುಬಾಯಿ ಲೆಕ್ಕ ಹಾಕುತ್ತಿದ್ದಳು. ಅವಳ ಲೆಕ್ಕವೂ ಆಗ ನಿಧಾನ. "ಶ್ರಾವಣದಾಗ..." ಎಂದಳು. "ಶ್ರಾವಣದಾಗ ದಿನಾ ತಗೊಂಡೆ."

"ಹುಷಾರಾಗಿದ್ದಿಲ್ಲೇನು ಶ್ರಾವಣದಾಗ?"

"ಆಗಿದ್ದೆ." ಅವಳ ಕಣ್ಣು ದೊಡ್ಡವಾದವು. "ಹಂಗಾದ್ರ ಅದು ಐತಿ? ತಗದಿಲ್ಲ?"

"ಯಾವುದು?"

"ಒಡಪು" ಎಂದಳು ದುಂಡವ್ವ, ಸೊಸೆಯ ಪರವಾಗಿ.

ಡಾಕ್ಟರು ಕಾಗದದ ಮೇಲೆ ಒಂದು ತಲೆ, ಕೆಳಗೆ ಒಂದು ಕುತ್ತಿಗೆ ಗೀಚಿದರು. ಕುತ್ತಿಗೆಯಲ್ಲಿ ಒಂದು ಗ್ರಂಥಿ ಇದೆ. ಮೈಯ ಕಾವು, ಕೈಕಾಲಿನ ಹುರುಪು, ದನಿ, ಬುದ್ಧಿಯ ಚುರುಕು ಎಲ್ಲ ಅದು ಮಾಡುವ ರಸದಿಂದ. ಗುರುಬಾಯಿಯ ಕುತ್ತಿಗೆಯ ಗ್ರಂಥಿ ಗಟ್ಟಿಮುಟ್ಟಾಗಿದೆ. ಆದರೆ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಏಳು, ಮಾಡು ಎಂದು ಅದಕ್ಕೆ ದಿನಾ ಹೇಳಿ ಕಳಿಸುವುದು ತಲೆಯೊಳಗಿನ ಕಡಲೆಕಾಳಿನ ಗ್ರಂಥಿ. ಗಡ್ಡೆ ತೆಗೆದ ಮೇಲೆ ಆ ಗ್ರಂಥಿ ಸೋತಿದೆ, ಹೇಳಿ ಕಳಿಸುವುದು ನಿಂತಿದೆ. ಅದಕ್ಕೇ ಕೆಳಗಿನದು ಕೈಕಟ್ಟಿ ಕೂತಿದೆ. ಆ ರಸವನ್ನೇ ಗುಳಿಗೆ ಮಾಡಿ ಕೊಟ್ಟಿದ್ದಾರೆ. ಇದು ಜೀವ ಇರುವ ತನಕ ಬೇಕು. ದೊಡ್ಡ ಗುಳಿಗೆಯೂ ಅಷ್ಟೇ. ಅದನ್ನು ಬಿಡದೆ ತೆಗೆದುಕೊಂಡದ್ದು ಪುಣ್ಯ, ಅದು ತಪ್ಪಿದ್ದರೆ ಜೀವಕ್ಕೇ ಬರುತ್ತಿತ್ತು.

ದುಂಡವ್ವ ಚಿತ್ರವನ್ನು ಬಗ್ಗಿ ನೋಡಿದಳು. "ಅಂದ್ರ ಮ್ಯಾಲಿನಾಕಿ ಅತ್ತಿ, ಕೆಳಗಿನಾಕಿ ಸೊಸಿ."

"ಹಂಗss ಅನ್ರಿ."

"ಅತ್ತಿ ಬಾಯಿ ಮುಚ್ಚಿಕೊಂಡ್ಲು, ಸೊಸಿ ಮಲಕೊಂಡ್ಲು." ದುಂಡವ್ವ ನೆಟ್ಟಗೆ ಕೂತಳು. "ಹತ್ತ ತಿಂಗಳಾತು ನಾನೂ ಬಾಯಿ ಮುಚ್ಚಿಕೊಂಡೇನ್ರಿ ಸಾಹೇಬ್ರ. ತಲಿ ಕೊಯಿಸಿಕೊಂಡ ಹುಡುಗಿಗೆ ಏನ ಬೈಯೂದಂತ."

"ನೀವು ಬೈರಿ" ಎಂದರು ಡಾಕ್ಟರು. "ಗುಳಗಿ ನಾ ಕೊಡ್ತೀನಿ."

ಮರುದಿನ ಕೋಳಿ ಕೂಗುವ ಮೊದಲೇ ಬಾಗಿಲಲ್ಲಿ ದನಿ ಬಂತು: "ಏಳ ಬೇ, ಹೊತ್ತು ಮಾರಿ ಮ್ಯಾಲ ಬಂತು. ಗುಳಗಿ ನುಂಗು. ಚಾಕ್ಕಿಂತ ಮದಲ ನುಂಗು ಅಂದಾರ, ಚಾದಾಗ ಅದ್ದಿ ತಿನ್ನಬ್ಯಾಡ ಮತ್ತ." ಕಂಬಳಿಯೊಳಗೆ ಗುರುಬಾಯಿ ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಬರಲಿ ಎಂದು ಒಂದು ಗಳಿಗೆ ಬೇಕೆಂದೇ ಮಲಗಿದಳು. ಬಂತು.

ಮದುವೆಗೆ ಆರು ವಾರ ಉಳಿದಿದ್ದವು. ಬಾಟಲಿ ಜಗಲಿಯಿಂದ ಇಳಿದು ಅಡುಗೆಮನೆಯ ಮಾಡಕ್ಕೆ, ಚಹಾಪುಡಿಯ ಡಬ್ಬಿಯ ಪಕ್ಕಕ್ಕೆ ಬಂತು. ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರಕ್ಕೆ ನಿದ್ದೆ ಸಾಕೆನ್ನಿಸಿತು. ನಾಲ್ಕನೆಯ ವಾರ ಕಂಬಳಿಯನ್ನು ಖಂಡಪ್ಪನ ಮೈಮೇಲೆ ಎಸೆದಳು. ದನಿ ತಿಳಿಯಾಯಿತು. ರೊಟ್ಟಿ ಇಪ್ಪತ್ತಕ್ಕೆ ಏರಿತು. ಆದರೆ ಮಾತಿನ ಜೋಡಿ ಬಂದಿದೆಯೋ ಇಲ್ಲವೋ ಎಂದು ಅವಳು ನೋಡಲು ಹೋಗಲಿಲ್ಲ. ರೊಟ್ಟಿ ಬಡಿಯುವಾಗ ಒಂದು ಮಾತು ಬಂದರೆ ಅದರ ಹಿಂದೆ ನೋಡದೆ ಮಗಳ ಜಡೆಯನ್ನೋ ಎಮ್ಮೆಯ ಹಿಂಡಿಯನ್ನೋ ನೆನೆಯುತ್ತಿದ್ದಳು. ಕೊಡ ಎತ್ತಿ ನೋಡಿದರೆ ಖಾಲಿಯಿದ್ದೀತು ಎಂಬ ಅಂಜಿಕೆ.

ತಿಕೋಟಾದ ಮದುವೆಯ ದಿನ ಅಕ್ಕಿಕಾಳು ಬಿದ್ದು, ಹುಗ್ಗಿಯ ಕಡಾಯಿ ಇಳಿದು, ಮದುಮಕ್ಕಳು ಮನೆಯೊಳಗೆ ಬರುವ ಹೊತ್ತಾಯಿತು. ಬಾಗಿಲಿಗೆ ಹೆಂಗಸರು ಅಡ್ಡ ನಿಂತರು. ಭೀಮಾಬಾಯಿ ಅಕ್ಕ ಕಲಿಸಿದ ಹಳೆಯ ಒಡಪನ್ನು ಒಂದೇ ಉಸಿರಿನಲ್ಲಿ ಹೇಳಿ "ಅಮರಪ್ಪನವರು" ಎಂದು ಮುಗಿಸಿದಳು. ಒಳಗೆ ಹೋಗಲು ದಾರಿ ಬಿಟ್ಟರು. ಆದರೆ ಬಾಗಿಲು ಖಾಲಿಯಾಗಲಿಲ್ಲ. ಹೊಸ್ತಿಲ ಆಚೆ ಬೋರವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ದನಿ ಚಪ್ಪರದ ಆ ತುದಿಗೆ ಮುಟ್ಟಿತು:

"ಹಿತ್ತಲ ಗ್ವಾಡಿಗೆ ಸುಣ್ಣ, ಮುಂದಿನ ಬಾಗಲಕ ಬಣ್ಣ,
ತಿಕೋಟಾದ ಬೀಗರಿಗೆ ಬಾಯಿಲ್ಲಂದಾರ ನಮ್ಮ ಸಾಬಣ್ಣ."

ವರನ ಕಡೆಯವರು ಹೋ ಎಂದರು. ಕಟ್ಟೆಯ ಮೇಲಿದ್ದ ಅವಳ ಗಂಡ ಸಾಬಣ್ಣ, "ನಾ ಏನೂ ಅಂದಿಲ್ರೆಪಾ" ಎಂದು ಕೈಯಾಡಿಸಿದ. ತಿಕೋಟಾದ ಹೆಂಗಸರೆಲ್ಲ ಒಟ್ಟಿಗೇ ಅಡುಗೆಮನೆಯ ಕಡೆ ತಿರುಗಿದರು.

ಗುರುಬಾಯಿ ಹಪ್ಪಳದ ಬುಟ್ಟಿಯ ಹಿಂದೆ ಕೂತಿದ್ದಳು. ಅಲ್ಲಿಗೆ ಎಲ್ಲವೂ ಕೇಳಿಸಿತ್ತು. ಏಳಬಾರದು ಎಂದುಕೊಂಡಳು. ತೊಟ್ಟಿಲ ಮುಂದಿನ ಆ ಗಳಿಗೆ, ಆ ಕೂಸಿನ ಕಣ್ಣು ನೆನಪಾದವು.

ದುಂಡವ್ವ ಎದುರಿಗೆ ಬಂದು ನಿಂತಳು. ಬೀಗತಿಯಾಗಿ ಬಂದವಳು ಬೀಗರ ಮನೆ ಎಂಬುದನ್ನೂ ಮರೆತಿದ್ದಳು. "ಏನ ಬೇ, ಹಪ್ಪಳ ಕಾಯಾಕ ಬಂದೀಯೇನು ಇಲ್ಲಿ? ಬೆಕ್ಕು ಐತಿ ಅದಕ. ಏಳು."

ಮೇಲಿನಾಕಿ ಹೇಳಿ ಕಳಿಸಿದಳು. ಗುರುಬಾಯಿ ಎದ್ದಳು.

ಬಾಗಿಲಿಗೆ ಬಂದು ನಿಂತಾಗ ಗದ್ದಲ ಅಡಗಿತು. ಅವಳು ಬೋರವ್ವನನ್ನು ನೋಡಿದಳು. ಎರಡೂ ಬದಿ ನೋಡಿದಳು. ಎಡಕ್ಕೆ ಅತ್ತೆ, ಬಲಕ್ಕೆ ತಂಗಿ, ಚಪ್ಪರದ ಕಂಬಕ್ಕೆ ಒರಗಿ ಖಂಡಪ್ಪ, ಎಲ್ಲ ಒಟ್ಟಿಗೇ ಕಂಡರು. ಬಾಯಿಗೆ ಏನೂ ಬರಲಿಲ್ಲ. ಹೊತ್ತು ಹೋಯಿತು. ಯಾರೋ ಕೆಮ್ಮಿದರು. ಬೋರವ್ವ ಹುಬ್ಬೇರಿಸಿದಳು, ಆಮೇಲೆ ಆ ಹುಬ್ಬು ಇಳಿಯಿತು. ಗೆಲ್ಲಬೇಕೆಂದು ಬಂದವಳಿಗೂ ಈ ಗೆಲುವು ಬೇಡವಾದ ಹಾಗಿತ್ತು. "ಇರಲಿ ಬಿಡ ತಂಗಿ..." ಎಂದು ಅವಳು ಬಾಯಿ ತೆಗೆಯುವಷ್ಟರಲ್ಲಿ ಖಂಡಪ್ಪ ಕಂಬದಿಂದ ಬೆನ್ನು ಎತ್ತಿದ.

"ಬರೇ ಹೆಸರು ಹೇಳಿದ್ರೂ ನಡೀತೈತಿ" ಎಂದ. "ನಾ ಓ ಅಂತೀನಿ."

ಇಷ್ಟು ವರ್ಷದಲ್ಲಿ ನಾಲ್ಕು ಜನರ ನಡುವೆ ಖಂಡಪ್ಪ ಆಡಿದ ಅತ್ಯಂತ ಉದ್ದನೆಯ ಮಾತು ಅದು. ಗುರುಬಾಯಿಗೆ ನಗು ಬಂತು. ತಡವಾಗದೆ, ಕರೆಯದೆ, ಮುಖದ ತುಂಬ ಒಮ್ಮೆಲೇ ಬಂತು. ಅದರ ಬೆನ್ನಿಗೇ ಒಂದು ಮಾತು ಬಂತು. ಅವಳು ಅಂಜುತ್ತಲೇ ಅದರ ಹಿಂದೆ ಇಣುಕಿ ನೋಡಿದಳು. ಹಿಂದೆ ಹಿಂಡು ಇತ್ತು.

"ಉಪಾಶಿ ಪೋಟಿ ಅಂದ್ರ ಉಪಾಸ ಅಂದ್ಕೊಂಡೆ,
ವಾರಕ್ಕೊಂದು ಗುಳಗಿ ನುಂಗಿ ಕಂಬಳಿ ಹೊದ್ಕೊಂಡೆ,
ಅತ್ತಿ ಬೈದು ಎಬ್ಬಿಸಿದ್ರ ದಿನಾ ನುಂಗಿಕೊಂಡೆ,
ಖಂಡಪ್ಪನವರ ಹೆಸರಿಗೆ ಹ್ವಾದ ಬಾಯಿ ತಂದ್ಕೊಂಡೆ."

ತಿಕೋಟಾದವರು ಹೋ ಎಂದರು, ಕಾಖಂಡಕಿಯವರೂ ಹೋ ಎಂದರು. ದುಂಡವ್ವ ತನ್ನ ಮಾತು ಬಂದ ಮೂರನೆಯ ಸಾಲನ್ನು ಕೇಳಿಸದವರಿಗೆ ತಿರುಗಿ ಹೇಳುತ್ತಿದ್ದಳು. ಖಂಡಪ್ಪ, ಹೇಳಿದ ಹಾಗೆ, "ಓ" ಎಂದ.

ಬೋರವ್ವ ನಕ್ಕು ನಕ್ಕು ಹೊಸ್ತಿಲ ಮೇಲೆಯೇ ಕೂತಳು. "ಉಪಾಶಿ ಪೋಟಿ ಅಂದ್ರೇನ ಬೇ?"

"ಹೇಳ್ತೀನ್ರಿ, ಅದೊಂದು ದೊಡ್ಡ ಕತಿ."

"ಕತಿ ಆಮ್ಯಾಲ ಹೇಳು. ಮದಲ ಇದನ್ನ ಕೇಳು" ಎಂದು ಬೋರವ್ವ ಗಂಟಲು ಸರಿಮಾಡಿಕೊಂಡಳು. "ಇವತ್ತ ನನ್ನ ಹತ್ರ ಎಂಟು ಅದಾವು."

ಗುರುಬಾಯಿ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಈಚೆ ಅವಳ ಎದುರಿಗೆ ಕೂತಳು. ಒಳಗಿನಿಂದ ಯಾರೋ ಹುಗ್ಗಿ ಆರುತ್ತದೆ ಎಂದು ಕೂಗಿದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.